ಕ್ಯಾಪ್ಟನ್ ಗಣಿಗಿಳಿದ ಸೀಸನ್

ನಮ್ಮ ಚಿನ್ನದ ಗಣಿಯ ಫುಟ್‌ಬಾಲ್ ಟೀಮಿನ ಹೊಣೆಯನ್ನು ನನಗೆ ವಹಿಸಿದ ದಿನ ಸೂಪರಿಂಟೆಂಡೆಂಟ್ ಸಾಹೇಬರು ಹೇಳಿದ್ದು ಒಂದೇ ಮಾತು: "ರೈಟರ್, ನೀವು ಏನೂ ಮಾಡಬೇಡಿ. ಟೀಮ್ ಚೆನ್ನಾಗಿದೆ. ಹಾಗೇ ಇರಲಿ."

ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ಶಾಫ್ಟಿನ, ಅಂದರೆ ಗಣಿಗಿಳಿಯುವ ಬಾವಿಯ, ಪಕ್ಕದ ಟೈಮ್ ಆಫೀಸಿನಲ್ಲಿ ಗುಮಾಸ್ತ. ಗಣಿಯಲ್ಲಿ ಗುಮಾಸ್ತರನ್ನೆಲ್ಲ ರೈಟರ್ ಅನ್ನುತ್ತಿದ್ದರು. ನನ್ನ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತೋ ತಿಳಿಯದು. ನೆಲದೊಳಕ್ಕೆ ಇಳಿಯುವ ಪ್ರತಿಯೊಬ್ಬನಿಗೂ ಕಿಟಕಿಯಲ್ಲಿ ಅವನ ನಂಬರಿನ ಹಿತ್ತಾಳೆ ಟೋಕನ್ ಕೊಡುವುದು, ಮೇಲೆ ಬಂದ ಮೇಲೆ ಇಸಕೊಂಡು ಹಲಗೆಗೆ ನೇತುಹಾಕುವುದು ನನ್ನ ಕೆಲಸ. ಹಲಗೆಯಲ್ಲಿ ಮೊಳೆ ಖಾಲಿಯಿದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದು ಅರ್ಥ. ಹಿಂದೆ ನಾನೂ ಇದೇ ಟೀಮಿಗೆ ಆಡಿದವನು. ಮೊಣಕಾಲು ಕೈಕೊಟ್ಟ ಮೇಲೆ ಮೈದಾನದ ಅಂಚಿಗೆ ಬಂದು ನಿಂತೆ, ಆಮೇಲೆ ಈ ಹೊಣೆ ಬಂತು.

"ಹಾಗೇ ಇರಲಿ" ಅಂದರೆ ಹನ್ನೊಂದು ಜನ. ಎರಡು ವರ್ಷದಿಂದ ಅದೇ ಹನ್ನೊಂದು ಜನ. ಗೋಲು ಕಾಯುವ ಗೋಲಿಯಿಂದ ಹಿಡಿದು ಎಡತುದಿಯ ಫಾರ್ವರ್ಡ್‌ವರೆಗೆ ಅವರ ಹೆಸರುಗಳನ್ನು ಆಂಡರ್ಸನ್‌ಪೇಟೆಯ ಟೀ ಅಂಗಡಿಗಳಲ್ಲಿ ಜನ ಮಗ್ಗಿಯಂತೆ ಒಪ್ಪಿಸುತ್ತಿದ್ದರು. ಆಗ ಆಟದ ನಡುವೆ ಆಳು ಬದಲಿಸುವ ನಿಯಮವಿರಲಿಲ್ಲ. ಮೊದಲ ಸೀಟಿಗೆ ಇಳಿದವನು ಕುಂಟಿಕೊಂಡಾದರೂ ಕೊನೆಯ ಸೀಟಿವರೆಗೆ ಇರಬೇಕು.

ಈ ಹನ್ನೊಂದು ಜನರಿಗೆ ಸೀಸನ್ ಮುಗಿಯುವವರೆಗೆ ಒಂದು ಸವಲತ್ತಿತ್ತು. ಅವರು ಕೆಳಗಿಳಿಯಬೇಕಾಗಿರಲಿಲ್ಲ. ಒಬ್ಬನಿಗೆ ಬಡಗಿ ಶಾಪು, ಒಬ್ಬನಿಗೆ ಲ್ಯಾಂಪ್ ರೂಮು, ಒಬ್ಬನಿಗೆ ಬಂಗಲೆಗಳ ತೋಟ, ಹೀಗೆ ಮೇಲಿನ ಕೆಲಸ. ಉಳಿದ ಏಳು ಜನ ಆಟಗಾರರು, ನಾವು ಎರಡನೇ ಸಾಲು ಅನ್ನುತ್ತಿದ್ದವರು, ದಿನಾ ಕೆಳಗೆ ಹೋಗುತ್ತಿದ್ದರು. ನಮ್ಮ ಗಣಿ ಬಹಳ ಆಳದ್ದು. ಅಲ್ಲಿ ಬಂಡೆಯೇ ಕಾದಿರುತ್ತದೆ. ಶಿಫ್ಟ್ ಮುಗಿಸಿ ಬಂದವನ ಬಟ್ಟೆ ಹಿಂಡಿದರೆ ನೀರು ಸುರಿಯುತ್ತಿತ್ತು. ಬಂಡೆ ಸಿಡಿಯುವ ಭಯ ಬೇರೆ. ನೆಲ ಅದುರಿದರೆ ಕಾರ್ಮಿಕರ ಲೈನ್ ಮನೆಗಳ ಹೆಂಗಸರು ಒಲೆ ಬಿಟ್ಟು ಶಾಫ್ಟಿನ ಕಡೆ ಓಡಿಬರುತ್ತಿದ್ದರು. ಹಾಗಾಗಿ ಟೀಮಿನಲ್ಲಿ ಜಾಗ ಎಂದರೆ ಬರೀ ಆಟದ ಮಾತಾಗಿರಲಿಲ್ಲ.

ಕ್ಯಾಪ್ಟನ್ ನಂದಿದುರ್ಗ ಗಣಿ ಕಡೆಯ ಲೈನ್ ಮನೆಯವನು. ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ, ಬೈಯುವಾಗ ತೆಲುಗು. ಕೆಳಗಿನ ಕೆಲಸದಲ್ಲಿ ಅವನು ಟಿಂಬರ್ ಗ್ಯಾಂಗು, ಅಂದರೆ ಚಾವಣಿಯ ಬಂಡೆ ಕುಸಿಯದಂತೆ ಮರದ ದಿಮ್ಮಿ ಆನಿಸುವವನು. ಮೈದಾನದಲ್ಲಿ ಸೆಂಟರ್ ಹಾಫ್. ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು ಆಡುತ್ತಿದ್ದ ಆ ದಿನಗಳಲ್ಲಿ ನಡುವಿನ ಮೂವರಲ್ಲಿ ನಟ್ಟನಡುವಿನವನೇ ಮನೆಯ ತೊಲೆಯಿದ್ದಂತೆ. ಅವನು ಜೋರಾಗಿ ಓಡಿದ್ದನ್ನು ನಾನು ಕಂಡಿಲ್ಲ. ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿ ಮೊದಲೇ ನಿಂತಿರುತ್ತಿದ್ದ. ಮಳೆಯಲ್ಲಿ ನೆನೆದು ಕಲ್ಲಿನಷ್ಟು ಭಾರವಾದ ಚರ್ಮದ ಚೆಂಡನ್ನು ಹಣೆಯಲ್ಲಿ ತಿರುಗಿಸಿ, ತಲೆಯೆತ್ತಿ ನೋಡದೆಯೇ ಎಡಗಡೆಯವನ ಕಾಲಿಗೆ ಇಳಿಸುತ್ತಿದ್ದ. ಅಂಥ ಆಟ ನೋಡುವುದೇ ಒಂದು ಸಂಬಳ.

ಆ ವರ್ಷ ಮಳೆ ತಡವಾಗಿ ನಿಂತಿತು. ಮುಂದೂಡಿದ ಲೀಗ್ ಆಟಗಳು ಒಂದರ ಮೇಲೊಂದು ಬಿದ್ದವು, ಅದರ ಬೆನ್ನಿಗೇ ಬೆಂಗಳೂರು, ಮದರಾಸಿನ ಕಡೆಯ ಟೀಮುಗಳು ಬರುವ ಕಪ್ ಪಂದ್ಯಾವಳಿ. ದಿನ ಬಿಟ್ಟು ದಿನ ಆಟ. ಸಮವಾದರೆ ಮತ್ತೆ ಆಡಬೇಕು. ನಮ್ಮ ಮೈದಾನವೋ ಕೆಂಪು ಗರಸು ನೆಲ. ಗಾಳಿ ಬೀಸಿದರೆ ಚಿನ್ನ ತೆಗೆದು ಉಳಿದ ಪುಡಿ ಸುರಿದಿದ್ದ ಪಕ್ಕದ ಸೈನೈಡ್ ದಿಬ್ಬದ ಬಿಳಿ ಧೂಳು ಗಂಟಲಿಗೆ ಇಳಿಯುತ್ತಿತ್ತು. ಮೊದಮೊದಲು ಗೆದ್ದೆವು. ಆಮೇಲೆ ಗೆಲ್ಲುತ್ತಿದ್ದ ಆಟಗಳು ಸಮವಾಗತೊಡಗಿದವು. ಪ್ರತಿಸಲವೂ ನಮ್ಮ ಮೇಲೆ ಗೋಲು ಬೀಳುತ್ತಿದ್ದದ್ದು ಆಟ ಮುಗಿಯುವ ಹೊತ್ತಿಗೆ. ಎಡತುದಿಯವನಿಗೆ ತೊಡೆಯ ನರ ಹಿಡಿಯಿತು. ಕ್ಯಾಪ್ಟನ್ ಮೊದಲೇ ನಿಂತಿರಬೇಕಾದ ಜಾಗಕ್ಕೆ ಅರ್ಧ ಹೆಜ್ಜೆ ತಡವಾಗಿ ಬರುತ್ತಿದ್ದ. ನೋಡುವವರಿಗೆ ಗೊತ್ತಾಗುತ್ತಿರಲಿಲ್ಲ. ನಾನು ಅವನ ಪಕ್ಕದಲ್ಲೇ ಆಡಿದವನು, ನನಗೆ ಗೊತ್ತಾಯಿತು.

ಅಭ್ಯಾಸ ಮುಗಿದು ಅವನು ಗೋಲ್ ಕಂಬಕ್ಕೆ ಒರಗಿ ಬೂಟಿನ ದಾರ ಬಿಚ್ಚುತ್ತಿದ್ದಾಗ ಹೋಗಿ ಕೂತೆ.

"ಕ್ಯಾಪ್ಟನ್, ಎರಡನೇ ಸಾಲಿಂದ ನಾಲ್ಕು ಜನಾನ ಆಡಿಸೋಣ ಅಂತಿದೀನಿ."

"ಯಾತಕ್ಕೆ?"

"ಕಾಲು ಸೋತಿದಾವೆ."

"ಕಾಲು ಸೋತ್ರೂ ಕಣ್ಣು ಸೋತಿಲ್ಲ ರೈಟ್ರೇ. ನಾನು ತಿರುಗಿ ನೋಡ್ದೆ ಚೆಂಡು ಕೊಡ್ತೀನಿ, ಅಲ್ಲಿ ಅವನು ಇದ್ದೇ ಇರ್ತಾನೆ. ಇದು ಕಲಿಯಕ್ಕೆ ನಮಗೆ ಎರಡು ವರ್ಷ ಆಯ್ತು. ಒಸಬನ್ನ ಆಕಿದ್ರೆ ನಾನು ನೋಡಿ ಕೊಡ್ಬೇಕು. ನಾನು ನೋಡೋ ಒತ್ತಿಗೆ ಎದುರಿನೋನು ಬಂದು ಕಿತ್ಕೊಂಡಿರ್ತಾನೆ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಒಟ್ಟಿಗೆ ಆಡಿ ಆಡಿ ಹನ್ನೊಂದು ಜನ ಒಂದು ಮೈಯಾಗಿದ್ದರು. ಆದರೂ ಮುಂದಿನ ಲೀಗ್ ಆಟಕ್ಕೆ ನಾನು ನಾಲ್ವರನ್ನು ಬದಲಿಸಿದೆ. ಎದುರಿಗಿದ್ದದ್ದು ನಮ್ಮನ್ನು ಯಾವತ್ತೂ ಸೋಲಿಸಿರದ ಟೀಮು. ಕ್ಯಾಪ್ಟನ್ನನ್ನೂ ಕೂರಿಸಿದ್ದೆ; ಅವನ ಜಾಗಕ್ಕೆ ಕಾಮಸಮುದ್ರದ ಕಡೆಯ ಹಳ್ಳಿಯ ಒಬ್ಬ ಆಳು. ರೈತರ ಮನೆಯವನು, ಮದುವೆಯಾಗಿ ಮಗುವಿತ್ತು. ಕೆಳಗೆ ಅದಿರಿನ ಟ್ರಾಲಿ ತಳ್ಳುತ್ತಿದ್ದ. ಎತ್ತಿನ ಹೆಗಲು, ಮಾತು ಮಾತ್ರ ಇಲ್ಲ.

ಮೂರು ಗೋಲು ಹೊಡೆಸಿಕೊಂಡು ಸೋತೆವು. ಟ್ರಾಲಿಯವನು ಅರ್ಧ ಆಟದ ಬಿಡುವಿನಲ್ಲಿ ಬೇಲಿಯ ಹಿಂದೆ ಹೋಗಿ ವಾಂತಿ ಮಾಡಿದ. ಜನ ನನ್ನ ಕಡೆ ಮಣ್ಣಿನ ಹೆಂಟೆ ಎಸೆದರು.

ನಾನು ಬಂಗಾರಪೇಟೆಯಿಂದ ಬೆಳಗಿನ ರೈಲಿಗೆ ಬರುತ್ತಿದ್ದವನು. ಮಾರನೆಯ ದಿನ ಆ ಡಬ್ಬಿಯಲ್ಲಿ ಆಂಡರ್ಸನ್‌ಪೇಟೆಗೆ ತರಕಾರಿ ಮಾರಲು ಬರುವ ಹೆಂಗಸೊಬ್ಬಳು ಬುಟ್ಟಿಯ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಏನ್ ಸಾಮೀ, ನಿಮ್ ಗಣೀಲಿ ಆಟ ಆಡೋರು ಯಾರೂ ಉಳೀಲಿಲ್ವಾ? ಮೂರು ಗೋಲಂತೆ!"

"ಬದಲಿ ಆಳು ಆಕಿದ್ದೆ ಕಣಮ್ಮ."

"ಚೆನ್ನಾಗಿ ಕುದೀತಿರೋ ಸಾರನ್ನ ಯಾರಾನಾ ಬ್ಯಾರೆ ಮಡಕೆಗೆ ಸುರೀತಾರಾ? ನಮ್ಮ ಕಡೆ ಹುಡುಗೀರ್ಗೂ ಗೊತ್ತು ಇದು."

ಡಬ್ಬಿಯೆಲ್ಲ ನಕ್ಕಿತು. ನಾನೂ ನಕ್ಕೆ, ನಗದೆ ವಿಧಿಯಿರಲಿಲ್ಲ.

ಆ ಮಧ್ಯಾಹ್ನ ಮೊದಲ ಶಿಫ್ಟು ಮೇಲೆ ಬಂತು. ಟೋಕನ್ ಇಸಕೊಳ್ಳುತ್ತಾ ಇದ್ದೆ. ಟ್ರಾಲಿಯವನು ಬಂದ. ಟೋಕನ್ ಕೊಟ್ಟು, ಅಲ್ಲೇ ನಿಂತು ಅಂಗಿಯ ಬೆವರು ಹಿಂಡಿದ. ಹಿಂದಿನ ದಿನವೂ ಇದೇ ಹೊತ್ತಿಗೆ ಇದೇ ಕಿಟಕಿಯಲ್ಲಿ ಅವನ ಕೈಯಿಂದ ಟೋಕನ್ ಇಸಕೊಂಡಿದ್ದೆ. ಅದಾದ ಸ್ವಲ್ಪ ಹೊತ್ತಿಗೆ ಅದೇ ಕೈಗೆ ಜರ್ಸಿ ಕೊಟ್ಟಿದ್ದೆ. ನಾನು ಬದಲಿಸಿದ್ದು ಆಟಗಾರರನ್ನು ಮಾತ್ರ. ಅವರ ಕೆಲಸ ಅಲ್ಲೇ ಇತ್ತು. ದಿನವೆಲ್ಲ ತೋಟಕ್ಕೆ ನೀರು ಹಾಕಿ ಬಂದವನನ್ನೂ ದಿನವೆಲ್ಲ ಕಾದ ಬಂಡೆಯ ನಡುವೆ ಟ್ರಾಲಿ ತಳ್ಳಿ ಬಂದವನನ್ನೂ ಒಂದೇ ಮೈದಾನದಲ್ಲಿ ನಿಲ್ಲಿಸಿ, ಯಾರು ಮೇಲು ಯಾರು ಕೀಳು ಎಂದು ಊರಿಗೆ ಊರೇ ತೀರ್ಪು ಕೊಡುತ್ತಿತ್ತು.

ಸರದಿಯಾಗಬೇಕಾದದ್ದು ಆಟ ಅಲ್ಲ, ಮೇಲಿನ ಕೆಲಸ. ಒಮ್ಮೆ ಇದು ಹೊಳೆದ ಮೇಲೆ ನನಗೆ ಕೂರಲಾಗಲಿಲ್ಲ, ಸಾಹೇಬರ ಕೋಣೆಗೆ ಹೋದೆ.

ಸಾಹೇಬರು ಗಂಭೀರ ಮನುಷ್ಯ, ಆದರೆ ಆಟ ಅಂದರೆ ಕುರ್ಚಿ ಬಿಟ್ಟು ಏಳುತ್ತಿದ್ದರು. ಹದಿನೆಂಟು ಜನಕ್ಕೂ ವಾರವಾರ ಸರದಿ ಹಾಕೋಣ, ಹನ್ನೊಂದು ಜನ ಮೇಲಿದ್ದು ಆಡಲಿ, ಏಳು ಜನ ಕೆಳಗಿರಲಿ, ಮರುವಾರ ಆ ಏಳು ಜನ ಮೇಲೆ ಬರಲಿ ಎಂದೆ. ಅವರು ಪೆನ್ಸಿಲ್ ಕೆಳಗಿಟ್ಟರು.

"ಅಂದರೆ ನನ್ನ ಸೆಂಟರ್ ಹಾಫನ್ನು ಮತ್ತೆ ಕೆಳಗೆ ಕಳಿಸಬೇಕು."

"ಹೌದು ಸಾರ್."

"ಗ್ಯಾಂಗಿನಲ್ಲಿ ಆಳು ಕಮ್ಮಿಯಾಗಬಾರದು. ಅವರೇ ಒಪ್ಪಿ ಇಳಿದರೆ ನನ್ನ ಅಡ್ಡಿಯಿಲ್ಲ. ನೀವು ಬಲವಂತ ಮಾಡಿ ಇಳಿಸಿದಿರಿ ಅಂತ ಒಬ್ಬ ಹೇಳಿದರೂ ಈ ಮಾತು ಅಲ್ಲಿಗೆ ಮುಗಿಯಿತು."

ಅವತ್ತೇ ಸಂಜೆ ಹದಿನೆಂಟು ಜನರನ್ನೂ ಮೈದಾನದ ನಡುವೆ ಕೂರಿಸಿ ಹೇಳಿದೆ. ಮೊದಲು ಗೋಲಿ ಬಾಯಿಬಿಟ್ಟ. ಅವನಿಗೆ ಬದಲಿ ಇರಲಿಲ್ಲ, ಹಾಗಾಗಿ ಆಟವಿಲ್ಲದ ವಾರ ಮಾತ್ರ ಅವನ ಸರದಿ. ಆದರೂ ಅವನ ಮುಖ ಬಾಡಿತ್ತು.

"ರೈಟ್ರೇ, ಸೀಸನ್ ಬಂದ್ರೆ ಮಾತ್ರ ನನ್ನ ಎಂಡ್ತಿ ನೆಮ್ಮದಿಯಾಗಿ ಊಟ ಮಾಡ್ತಾಳೆ. ಮಿಕ್ಕಿದ ದಿನ ಸೈರನ್ ಕೂಗಿದ್ರೆ ತಟ್ಟೆ ಬಿಟ್ಟು ಎದ್ದೇಳ್ತಾಳೆ. ಮನೇಗೋಗಿ ಅವಳಿಗೆ ಏನಂತ ಯೋಳ್ಲಿ?"

ಎರಡನೇ ಸಾಲಿನ ಏಳು ಜನ ನೆಲ ನೋಡುತ್ತಿದ್ದರು. ಅವರ ಮನೆಯಲ್ಲೂ ಹೆಂಡಿರು ತಟ್ಟೆ ಬಿಟ್ಟು ಏಳುತ್ತಿದ್ದರು. ಆದರೆ ಅದನ್ನು ಅಲ್ಲಿ ಹೇಳಲು ಅವರಿಗೆ ಬಾಯಿ ಬರಲಿಲ್ಲ.

ಕ್ಯಾಪ್ಟನ್ ಎದ್ದ. "ನಂಗೆ ಒಪ್ಪಿಗೆ ಇಲ್ಲ. ಟೀಮ್ ಒಡೆದೋಗ್ತದೆ," ಅಂದು ಪಂಚೆ ಕೊಡವಿಕೊಂಡು ನಡೆದುಬಿಟ್ಟ.

ಟ್ರಾಲಿಯವನು ಮೆಲ್ಲಗೆ, "ಅಣ್ಣ ಬ್ಯಾಡ ಅಂದ್ರೆ ನಂಗೂ ಬ್ಯಾಡ ಸಾರ್," ಅಂದ. ಸಭೆ ಅಷ್ಟಕ್ಕೇ ಚದುರಿತು.

ಆ ಭಾನುವಾರ ನಾನು ಬಂಗಾರಪೇಟೆಯ ಮನೆಯಲ್ಲಿ ಕೂತು ಹೊಣೆ ಬಿಟ್ಟುಬಿಡುವುದೆಂದೇ ತೀರ್ಮಾನಿಸಿದ್ದೆ.

ಸೋಮವಾರ ಬೆಳಿಗ್ಗೆ ಶಾಫ್ಟಿನ ಮುಂದೆ ಎಂದಿನಂತೆ ಸಾಲು. ತಲೆ ಬಗ್ಗಿಸಿಕೊಂಡೇ ನಂಬರು ಕೇಳಿ ಟೋಕನ್ ಕೊಡುತ್ತಿದ್ದೆ. ಒಂದು ನಂಬರು ಕಿವಿಗೆ ಬಿದ್ದಾಗ ಕೈ ಮೊಳೆಯ ಹತ್ತಿರವೇ ನಿಂತಿತು. ಆ ಸೀಸನ್ನಿನಲ್ಲಿ ನಾನು ಮುಟ್ಟಿಯೇ ಇರದ ಟೋಕನ್ ಅದು. ಕಿಟಕಿಯಾಚೆ ಕ್ಯಾಪ್ಟನ್. ತಲೆಗೆ ಹೆಲ್ಮೆಟ್, ಕೈಯಲ್ಲಿ ಲ್ಯಾಂಪು, ಸೊಂಟಕ್ಕೆ ಊಟದ ಗಂಟು.

"ನೀನು ಬಡಗಿ ಶಾಪಿಗಲ್ವೇನಪ್ಪ ಓಗ್ಬೇಕಾದ್ದು?"

"ಅಲ್ಲಿಗೆ ಆ ಟ್ರಾಲಿಯವನ್ನ ಕಳ್ಸಿದೀನಿ. ಬರಲ್ಲ ಅಂದ. ಒಂದು ಏಟು ಬಿಗಿದು ಕಳ್ಸಿದೆ."

"ಒಪ್ಪಿಗೆ ಇಲ್ಲ ಅಂದಿದ್ದೆ."

"ಈಗ್ಲೂ ಇಲ್ಲ. ನೀವು ಮಾಡ್ತಿರೋದು ತಪ್ಪು ಅಂತ್ಲೇ ನಾನನ್ನೋದು." ಅವನು ಕಿಟಕಿಗೆ ಬಗ್ಗಿದ. "ಆದ್ರೆ ಆವತ್ತು ಅವನು ವಾಂತಿ ಮಾಡ್ಕೊಂಡಾಗ ನಾನು ಒಳಗೊಳಗೇ ಖುಷಿಪಟ್ಟೆ ರೈಟ್ರೇ. ನೋಡು, ನಾನಿಲ್ದೆ ಆಗಲ್ಲ ಅಂತ. ಆಮೇಲೆ ಮನೇಗೋದ್ರೆ ಅನ್ನ ಇಳೀಲಿಲ್ಲ. ಅವನು ಎಲ್ಲಿಂದ ಬಂದು ಆಡ್ದ, ನಾನು ಎಲ್ಲಿಂದ ಬಂದು ಆಡ್ತೀನಿ? ಇಬ್ರೂ ಒಂದೇ ತಕ್ಕಡೀಲಿ ಕೂರ್ಬೇಕು. ಆಮೇಲೂ ನಾನೇ ತೂಗಿದ್ರೆ ನೀವು ಬಾಯಿ ಮುಚ್ಕೊಂಡು ಅಳೇ ಟೀಮ್ ಆಡಿಸ್ಬೇಕು. ಟೋಕನ್ ಕೊಡಿ."

ಕೊಟ್ಟೆ. ಸಾಲಿನಲ್ಲಿದ್ದವರು ಅವನಿಗೆ ಜಾಗ ಬಿಡಲು ನೋಡಿದರು. ಅವನು ಬೇಡವೆಂದು ತನ್ನ ಸರದಿಯಲ್ಲೇ ನಿಂತು, ಕೆಳಗಿಳಿಸುವ ಕಬ್ಬಿಣದ ಕೇಜಿನೊಳಕ್ಕೆ ಹೋದ. ಬಾಗಿಲು ಬಿತ್ತು, ಗಂಟೆ ಬಡಿಯಿತು, ಹಗ್ಗ ಇಳಿಯತೊಡಗಿತು. ಟೀಮಿಗಾಗಿ ಗೋಲು ಹೊಡೆದವರನ್ನು ಬಹಳ ಜನರನ್ನು ನೋಡಿದ್ದೇನೆ. ಟೀಮಿಗಾಗಿ ನೆಲದೊಳಕ್ಕೆ ಇಳಿದವನನ್ನು ಅವತ್ತು ಮಾತ್ರ ನೋಡಿದೆ. ಮಾರನೆಯ ದಿನ ಎಡತುದಿಯವನು ಕಿಟಕಿಗೆ ಬಂದ, ಅವನ ಹಿಂದೆ ಸರದಿ ಬಂದ ಉಳಿದವರು. ಆಟವಿಲ್ಲದ ವಾರ ಗೋಲಿಯೂ ಬಂದು ಟೋಕನ್ ಕೇಳಿದ. ಹೆಂಡತಿಗೆ ಏನು ಹೇಳಿದನೋ ನಾನು ಕೇಳಲಿಲ್ಲ.

ಇನ್ನು ಕೆಲಸ ಶುರುವಾಯಿತು. ಸೋತ ಆಟವನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಆಡಿಸಿ ನೋಡಿದಾಗ ನನಗೆ ಕಂಡದ್ದು, ಗೋಲುಗಳೆಲ್ಲ ಬಿದ್ದದ್ದು ಹಳಬನ ಪಕ್ಕ ಹೊಸಬ ನಿಂತ ಸಂದಿನಿಂದ. ಹಳಬ ತನ್ನ ಜೊತೆಗಾರ ಇರುತ್ತಿದ್ದ ಕಡೆಗೆ ಚೆಂಡು ತಳ್ಳುತ್ತಿದ್ದ, ಹೊಸಬ ಇನ್ನೆಲ್ಲೋ ಇರುತ್ತಿದ್ದ. ಹಾಗಾಗಿ ಒಬ್ಬೊಬ್ಬರನ್ನು ಬದಲಿಸುವುದು ಬಿಟ್ಟೆ. ಎಡಗಡೆಯ ಹಾಫು, ಒಳಗಿನ ಫಾರ್ವರ್ಡ್, ತುದಿಯ ಫಾರ್ವರ್ಡ್, ಈ ಮೂವರು ಒಂದು ಕಟ್ಟು. ಬದಲಾದರೆ ಮೂವರೂ ಬದಲಾಗಬೇಕು. ಅವರ ಜಾಗಕ್ಕೆ ಬರುವ ಮೂವರು ತಮ್ಮತಮ್ಮೊಳಗೇ ಅಭ್ಯಾಸ ಮಾಡಿರಬೇಕು. ಬಲಗಡೆ ಇಬ್ಬರ ಕಟ್ಟು. ಹಿಂದಿನ ಇಬ್ಬರು ಬ್ಯಾಕು ಮತ್ತು ಗೋಲಿ ಕದಲುವಂತಿಲ್ಲ. ಕ್ಯಾಪ್ಟನ್ ಹೇಳುತ್ತಿದ್ದ ನೋಡದೆ ಕೊಡುವ ವಿದ್ಯೆಯನ್ನು ಕಳೆಯದೆ ಕಾಲುಗಳನ್ನು ಉಳಿಸುವುದಕ್ಕೆ ಇದೊಂದೇ ದಾರಿ ಅನ್ನಿಸಿತು.

ಸೆಂಟರ್ ಹಾಫ್ ಮಾತ್ರ ಯಾವ ಕಟ್ಟಿಗೂ ಸೇರದವನು. ಅವನು ಎಲ್ಲರನ್ನೂ ನಡೆಸಬೇಕು, ಕೂಗಿ ಕೂಗಿ ನಿಲ್ಲಿಸಬೇಕು. ಟ್ರಾಲಿಯವನಿಗೆ ಅದೇ ಬಾರದು. ಕ್ಯಾಪ್ಟನ್ ಕೆಳಗಿನ ಶಿಫ್ಟು ಮುಗಿಸಿ, ಮೈ ತೊಳೆದು, ಕಾಲೆಳೆದುಕೊಂಡು ಅಭ್ಯಾಸಕ್ಕೆ ಬರುತ್ತಿದ್ದ, ಬಂದು ಇವನಿಗೆ ಕೂಗುವುದನ್ನು ಕಲಿಸುತ್ತಿದ್ದ.

"ಎಡಗಡೆ ಬ್ಯಾಕು ಮುಂದೆ ಓಗ್ಬಿಟ್ಟವ್ನೆ. ಏನು ಮಾಡ್ತೀಯ?"

"ಕರೀತೀನಿ ಅಣ್ಣಾ."

"ಕರಿ."

"ಅಣ್ಣಾ... ವಸಿ ಇಂದಕ್ಕೆ ಬತ್ತೀರಾ?"

ಮೈದಾನವೇ ಹೊರಳಾಡಿ ನಕ್ಕಿತು. ಕ್ಯಾಪ್ಟನ್ ಮಾತ್ರ ನಗಲಿಲ್ಲ. "ನಿನ್ನ ಮದ್ವೇಗೆ ಕರೀತಿದೀಯೇನ್ಲಾ? ನೀನು ಅಣ್ಣಾ ಅನ್ನೋ ಒತ್ತಿಗೆ ಗೋಲು ಬಿದ್ದಿರ್ತದೆ. ಮೈದಾನದಲ್ಲಿ ಅಣ್ಣ ಇಲ್ಲ, ಮಾವ ಇಲ್ಲ ಕಣ್ಲಾ. ಇಂದಕ್ಕೆ ಬಾರೋ ಅನ್ನು!"

"ದೊಡ್ಡೋರ್ಗೆ ಎಂಗಣ್ಣಾ ಅನ್ನೋದು?"

ಕಲಿಯಲಿಲ್ಲ. ಉಳಿದದ್ದೆಲ್ಲ ಕಲಿತ. ಎಲ್ಲಿ ನಿಲ್ಲಬೇಕು, ಎದುರಿನ ಸೆಂಟರ್ ಫಾರ್ವರ್ಡ್‌ಗೆ ಬೆನ್ನು ಕೊಡದೆ ಹೇಗೆ ತಿರುಗಬೇಕು, ತಲೆಗೆ ಬಂದ ಚೆಂಡನ್ನು ಯಾವಾಗ ಬಿಡಬೇಕು, ಎಲ್ಲ. ಮೇಲಿನ ಕೆಲಸದ ವಾರಗಳಲ್ಲಿ ಅವನ ಕಾಲಿಗೆ ಬಂದ ಬಲ ನೋಡಿ ನಾನೇ ಬೆರಗಾದೆ. ಹೊಸ ಪದ್ಧತಿಯ ಮೊದಲ ಆಟ ಸಮವಾಯಿತು. ಜನ ಉಗಿದರು. ಎರಡನೆಯದನ್ನು ಗೆದ್ದೆವು. ಮೂರನೆಯದರಲ್ಲಿ ಕೊನೆಯ ಹೊತ್ತಿಗೆ ಗೋಲು ಹೊಡೆದವರು ನಾವು. ಆಮೇಲೆ ಕಪ್ಪಿನಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಫೈನಲ್ಲಿಗೆ ಬಂದೆವು.

ಫೈನಲ್ ಶನಿವಾರ. ಎದುರಿಗೆ ಬೆಂಗಳೂರಿನ ಒಂದು ಕಾರ್ಖಾನೆಯ ಟೀಮು. ಅವರು ಪಂದ್ಯಾವಳಿ ಪೂರ್ತಿ ಒಂದೇ ಹನ್ನೊಂದು ಜನರನ್ನು ಆಡಿಸಿದವರು. ಅವರ ಸೆಂಟರ್ ಫಾರ್ವರ್ಡ್ ಗೋಲಿಗೆ ಬೆನ್ನು ಮಾಡಿ ಚೆಂಡು ಹಿಡಿದು ಗಿರಕ್ಕನೆ ತಿರುಗುವುದರಲ್ಲಿ ಹೆಸರುವಾಸಿ. ಆ ವಾರ ಕ್ಯಾಪ್ಟನ್ ಮೇಲಿದ್ದ. ಅವನ ಜನ್ಮದ ಆಟ ಅದು. ಹೆಚ್ಚುವರಿ ಹೊತ್ತು ಆಡಿದರೂ ಒಂದೊಂದು ಗೋಲಿಗೇ ನಿಂತಿತು. ಸೋಮವಾರ ಮತ್ತೆ ಆಡಬೇಕೆಂದು ತೀರ್ಮಾನವಾಯಿತು.

ಸೋಮವಾರಕ್ಕೆ ಹೊಸ ವಾರ. ಸರದಿಯ ಪ್ರಕಾರ ಕ್ಯಾಪ್ಟನ್ ಕೆಳಗೆ.

ಇದೊಂದು ಸಲ ಸರದಿ ಬಿಡಿ ಎಂದು ಎಲ್ಲರೂ ಹೇಳಿದರು. ಸಾಹೇಬರು ಹೇಳಿ ಕಳಿಸಿದರು. ಟ್ರಾಲಿಯವನೇ ಕೈಮುಗಿದ: "ಅಣ್ಣನ್ನೇ ಆಡಿಸಿ ಸಾರ್. ನಾನು ಕೆಳಗೋಗ್ತೀನಿ." ಬಿಟ್ಟಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಆದರೆ ಶನಿವಾರ ಹೆಚ್ಚುವರಿ ಹೊತ್ತಿನಲ್ಲಿ ಅವರ ಸೆಂಟರ್ ಫಾರ್ವರ್ಡ್ ಕ್ಯಾಪ್ಟನ್ನನ್ನು ದಾಟಿ ಹೋದದ್ದನ್ನು ನಾನು ಕಂಡಿದ್ದೆ. ಹಿಂದಿದ್ದ ಬ್ಯಾಕು ಮುಚ್ಚಿದ್ದರಿಂದ ಜನಕ್ಕೆ ತಿಳಿಯಲಿಲ್ಲ ಅಷ್ಟೆ. ಇನ್ನೊಂದು ಮಾತೂ ಇತ್ತು. ದೊಡ್ಡ ಆಟ ಬಂದಾಗ ಸರದಿ ಮುರಿದರೆ, ಸಣ್ಣ ಆಟಗಳಿಗೆ ಮಾತ್ರ ನಾವು ಬೇಕಾಗಿದ್ದೆವು ಎಂದು ಆ ಏಳು ಜನರಿಗೆ ತಿಳಿದುಹೋಗುತ್ತದೆ.

ಭಾನುವಾರ ಕ್ಯಾಪ್ಟನ್ನನ ಮನೆಗೆ ಹೋದೆ. ಅವನು ಬಾಗಿಲ ಬಳಿ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದ. ಹೇಳಿದೆ.

"ಫೈನಲ್ಲು ರೈಟ್ರೇ!" ಅವನ ದನಿ ಒಡೆಯಿತು. "ಲೀಗ್ ಅಲ್ಲ. ನನಗೆ ಇಂಥದ್ದು ಇನ್ನೊಂದು ಬರ್ತದಾ? ವಯಸ್ಸೆಷ್ಟು ನಂಗೆ?"

"ಕಾಲು ಎಂಗಿದೆ ಹೇಳು. ನನ್ನ ಮುಖ ನೋಡಿ ಹೇಳು."

ಅವನು ನೀರನ್ನೇ ನೋಡುತ್ತಿದ್ದ. ಒಳಗಿಂದ ಅವನ ಹೆಂಡತಿ ಕಾಫಿ ತಂದಿಟ್ಟು, ಯಾರಿಗೂ ಅಲ್ಲವೆಂಬಂತೆ, "ನಿನ್ನೆಯಿಂದ ಗೋಡೆ ಇಡ್ಕೊಂಡು ನಡೀತಾರೆ," ಅಂದಳು.

"ಸುಮ್ನಿರೇ," ಅಂದ. ಆಮೇಲೆ ನನಗೆ, "ಓಗಿ ರೈಟ್ರೇ. ನಿಮ್ಗೆ ತೋಚಿದ್ದು ಮಾಡಿ. ನಾನು ಮಾತ್ರ ಒಪ್ಪಿಲ್ಲ."

ಸೋಮವಾರ ನನ್ನ ಕೈಯಿಂದಲೇ ಟೋಕನ್ ಇಸಕೊಂಡು ಅವನು ಕೆಳಗೆ ಹೋದ.

ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೈನೈಡ್ ದಿಬ್ಬದ ಮೇಲೂ ಜನ. ಕ್ಯಾಪ್ಟನ್ ಇಲ್ಲವೆಂದು ತಿಳಿದಾಗ ಎದ್ದ ಸದ್ದನ್ನು ನಾನು ವಿವರಿಸಲಾರೆ. ಟ್ರಾಲಿಯವನ ಮುಖ ಬಿಳುಚಿಕೊಂಡಿತ್ತು. ಆಟ ಶುರುವಾಯಿತು. ಅವನು ಒಬ್ಬನೇ ಇಬ್ಬರ ಕೆಲಸ ಮಾಡುತ್ತಿದ್ದ, ಆದರೆ ಬಾಯಿ ಬಿಡುತ್ತಿರಲಿಲ್ಲ. ಎಡಗಡೆಯ ಬ್ಯಾಕು, ಟೀಮಿನಲ್ಲೇ ಹಿರಿಯ, ಹುಮ್ಮಸ್ಸಿನಲ್ಲಿ ಮುಂದೆ ಹೋದ. ಇವನು ನೋಡಿದ. ಕೈಯೆತ್ತಿದ. ಕೂಗಲಿಲ್ಲ. ಚೆಂಡು ಆ ತೆರವಿಗೆ ಬಂತು, ಅವರ ಸೆಂಟರ್ ಫಾರ್ವರ್ಡ್ ತಿರುಗಿದ, ಗೋಲು.

ಬಿಡುವಿಗೆ ಸೀಟಿ ಬಿದ್ದಾಗ ಜನರ ಗುಂಪು ಒಂದು ಕಡೆ ಸೀಳಿಕೊಂಡಿತು. ಕ್ಯಾಪ್ಟನ್ ಬರುತ್ತಿದ್ದ. ಆನಿಸುತ್ತಿದ್ದ ದಿಮ್ಮಿಯನ್ನು ನಡುವೆ ಬಿಟ್ಟು ಬರುವಂತಿರಲಿಲ್ಲವಂತೆ, ಹಾಗಾಗಿ ಅವನ ಗ್ಯಾಂಗು ತಡವಾಗಿ ಮೇಲೆ ಬಂದಿತ್ತು. ಮೈ ತೊಳೆಯದೆ ನೇರ ಬಂದಿದ್ದ. ಕಣ್ಣು, ಹಲ್ಲು ಬಿಟ್ಟರೆ ಉಳಿದದ್ದೆಲ್ಲ ಧೂಳು. ನನ್ನ ಕಡೆ ಬಂದವನು ನನ್ನನ್ನು ದಾಟಿ, ನೆಲಕ್ಕೆ ಕೂತಿದ್ದ ಟ್ರಾಲಿಯವನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಅಣ್ಣಾ, ನನ್ನಿಂದ್ಲೇ ಬಿತ್ತು ಗೋಲು."

"ಬಿದ್ದಿದ್ದು ಬಿತ್ತು. ಅವರ ಕಾಲು ನೋಡ್ದಾ? ಸೋತೋಗವೆ. ಅವನು ತಿರುಗ್ಬೇಕಾದ್ರೆ ಈಗ ಎರಡು ಎಜ್ಜೆ ಇಡ್ತಾನೆ, ಶನಿವಾರ ಒಂದೇ ಇಡ್ತಿದ್ದ. ನೀನು ಚೆಂಡಿಗೆ ಓಗ್ಬ್ಯಾಡ. ನಿಂತ್ಕೋ. ಅವನೇ ನಿನ್ನ ಕಾಲಿಗೆ ತಂದ್ಕೊಡ್ತಾನೆ." ಆಮೇಲೆ ಅವನ ಗದ್ದ ಹಿಡಿದು ಮುಖವೆತ್ತಿದ. "ಇನ್ನು ಆ ಬ್ಯಾಕು. ಅವನು ನನ್ನ ಸ್ವಂತ ಭಾವಮೈದ. ನಾನು ಅಪ್ಪಣೆ ಕೊಡ್ತಿದೀನಿ. ಬೈಯ್ಯಿ."

ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಅದೇ ಬ್ಯಾಕು ಮತ್ತೆ ಮುಂದಕ್ಕೆ ಹೊರಟ. ಮೈದಾನದ ನಡುವಿನಿಂದ ಒಂದು ಗಂಟಲು ಎದ್ದಿತು. ಕಾಮಸಮುದ್ರದ ಹೊಲದಾಚೆಯ ಎತ್ತನ್ನು ಕೂಗುವ ಗಂಟಲು ಅದು.

"ಲೇಯ್! ಎಲ್ಲಿಗ್ಲಾ ಓಯ್ತಿದೀಯ? ಬಾರ್ಲಾ ಇಂದಕ್ಕೆ!"

ಬ್ಯಾಕು ಬೆಚ್ಚಿ ನಿಂತ. ಆಮೇಲೆ ಜನ ಹೋ ಎಂದು ನಕ್ಕರು, ಬ್ಯಾಕು ತಲೆಯಾಡಿಸುತ್ತಾ ಹಿಂದಕ್ಕೆ ಓಡಿದ. ಅಲ್ಲಿಂದ ಟ್ರಾಲಿಯವನ ಬಾಯಿ ಮುಚ್ಚಲಿಲ್ಲ. ಅವರ ಸೆಂಟರ್ ಫಾರ್ವರ್ಡ್ ಬಂದು ತಿರುಗಲು ನೋಡಿದಾಗೆಲ್ಲ ಇವನು ಸುಮ್ಮನೆ ನಿಂತು ಚೆಂಡು ಇಸಕೊಂಡ, ಇಸಕೊಂಡು ಎಡಗಡೆಯ ಮೂವರ ಕಟ್ಟಿಗೆ ಕೊಟ್ಟ. ಶನಿವಾರ ಆಡಿರದ ಆ ಮೂವರದು ತಾಜಾ ಕಾಲು. ಬೆಂಗಳೂರಿನವರು ನಡೆಯುತ್ತಿದ್ದಾಗ ಇವರು ಓಡುತ್ತಿದ್ದರು. ನಮ್ಮ ಮೊದಲ ಗೋಲು ಎಡತುದಿಯಿಂದ ತೇಲಿ ಬಂದ ಚೆಂಡಿನಿಂದ. ಎರಡನೆಯದು, ಗೆಲುವಿನದು, ಹೊತ್ತು ಮುಗಿಯುತ್ತಾ ಬಂದಾಗ ಅದೇ ದಾರಿಯಿಂದ.

ಕಪ್ಪು, ಪದಕ, ಭಾಷಣ ಎಲ್ಲ ನಡೆಯುತ್ತಿರುವಾಗ ನಾನು ಕ್ಯಾಪ್ಟನ್ನನ್ನು ಹುಡುಕಿದೆ. ಶಾಫ್ಟಿನ ಪಕ್ಕದ ಸ್ನಾನದ ಕೋಣೆಯಲ್ಲಿ ನಲ್ಲಿಯ ಕೆಳಗೆ ಒಬ್ಬನೇ ಕೂತಿದ್ದ. ತಲೆಗೆ ಸೋಪು ಹಾಕಿಕೊಂಡಿದ್ದ, ನೀರು ತಿರುಗಿಸಿರಲಿಲ್ಲ.

"ಗೆದ್ವಿ ಕ್ಯಾಪ್ಟನ್," ಅಂದೆ.

"ನೋಡ್ದೆ." ನಲ್ಲಿಗೆ ಕೈ ಹಾಕಿ, ತಿರುಗಿಸದೆ ಬಿಟ್ಟ. "ನಾನಿಲ್ದೆ ಗೆದ್ದಿದ್ದು ನೋಡಿ ಕುಣಿದೆ ರೈಟ್ರೇ, ಪಕ್ಕದೋನ್ನ ತಬ್ಬಿಕೊಂಡೆ. ಆಮೇಲೆ ಇಲ್ಲಿಗೆ ನಡ್ಕೊಂಡು ಬರ್ತಾ ಎದೆ ಒಳಗೆ ಏನೋ ಕಿತ್ತಂಗಾಯ್ತು. ಎರಡೂ ನಿಜ. ಒಂದು ಯೋಳಿ ಇನ್ನೊಂದು ಮುಚ್ಚಿಡಲ್ಲ."

"ತೂಕ ನೋಡೋಣ ಅಂತ ನೀನೇ ಅಂದಿದ್ದೆ."

"ನೋಡಾಯ್ತಲ್ಲ. ಅವನೂ ತೂಗಿದ." ಕಣ್ಣಿಗೆ ಸೋಪು ಹೋಯಿತೇನೋ, ಮುಂಗೈಯಿಂದ ಒರೆಸಿಕೊಂಡ.

ಅಷ್ಟರಲ್ಲಿ ಟ್ರಾಲಿಯವನು ಬಾಗಿಲಲ್ಲಿ ಬಂದು ನಿಂತ. ಕೊರಳಲ್ಲಿ ಹಾರ, ಕೈಯಲ್ಲಿ ಪದಕ. ಅದನ್ನು ಏನು ಮಾಡಬೇಕೆಂದು ಅವನಿಗೇ ತಿಳಿದಂತಿರಲಿಲ್ಲ. ಮುಂದಕ್ಕೆ ಚಾಚಿದ, ಮತ್ತೆ ಹಿಂದಕ್ಕೆ ಎಳೆದುಕೊಂಡ.

ಕ್ಯಾಪ್ಟನ್ ಅವನನ್ನು ಮೇಲಿಂದ ಕೆಳಗೆ ನೋಡಿ, ಹುಬ್ಬು ಗಂಟಿಕ್ಕಿದ. "ಅದು ಜೇಬಿಗೆ ಆಕು. ಗೆಲುವಿನ ಗೋಲು ಆದ್ಮೇಲೆ ಒಂದು ಎತ್ರದ ಚೆಂಡು ಬಂತಲ್ಲ, ತಲೆ ಕೊಡ್ದೆ ಯಾಕ್ಲಾ ಬಿಟ್ಟೆ?"

"ಇಂದ್ಗಡೆ ಬ್ಯಾಕು ಇದ್ರಲ್ಲಣ್ಣಾ."

"ಎಲ್ಲಿದ್ದ? ತೋರ್ಸು."

ಅವನು ಹಾರ ತೆಗೆದು ಮೊಳೆಗೆ ಸಿಕ್ಕಿಸಿ, ಬ್ಯಾಕು ಇದ್ದ ಜಾಗವೆಂದು ಒಂದು ಚೊಂಬನ್ನು ನೆಲದ ಮೇಲಿಟ್ಟ. ಕ್ಯಾಪ್ಟನ್ ಅದನ್ನು ಪಕ್ಕಕ್ಕೆ ಸರಿಸಿ, "ಅಲ್ಲಿಲ್ಲ, ಇಲ್ಲಿದ್ದ," ಎಂದು ಸೋಪಿನ ಡಬ್ಬಿಯನ್ನು ಎದುರಿಟ್ಟ. ಇವನು ಒಪ್ಪಲಿಲ್ಲ. ಬಕೆಟ್ಟು ಎಳೆದುಕೊಂಡು ಬಂದ. ಅವನ ದನಿ ಏರಿತು, ಇವನದೂ ಏರಿತು. ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದೆ.

ಹೊರಗೆ ಜನ ತಮಟೆಯವರನ್ನು ಕರೆದುಕೊಂಡು ಬಂದು ನಿಂತಿದ್ದರು. ಮೆರವಣಿಗೆಗೆ ಕ್ಯಾಪ್ಟನ್ ಬೇಕೆಂದು ಕೂಗುತ್ತಿದ್ದರು.

"ಕ್ಯಾಪ್ಟನ್ ಕೆಲಸದಲ್ಲಿದ್ದಾರೆ," ಅಂದೆ. "ಸ್ವಲ್ಪ ಕಾಯಬೇಕು."